ಬೋರಲಿಟ್ಟ ಬ್ರೆಡ್ಡು

ಇಟಲಿಯ ತಾರಾಂತೊ ಬಂದರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಒಬ್ಬ ಕತಾಲ್ದೊ, ನಡುವಯಸ್ಸಿನವನು. ಇನ್ನೊಬ್ಬರು ಬೇಕರಿಯ ನುಂತ್ಸಿಯೊ, ಹಿರಿಯರು. ಮಾತು ಟೀವಿಗೆ ಸಿಕ್ಕಿಸಿ ಆಡುವ ರಾಕ್ಷಸ ಮಾಂತ್ರಿಕರ ವಿಡಿಯೊ ಆಟದ್ದು. ಅದಕ್ಕೆ ಆಟಗಾರರೇ ತಯಾರಿಸಿ ಸೇರಿಸುವ ‘ಮಾಡ್’ ಎಂಬ ಹೊಸ ತುಣುಕುಗಳದ್ದು.

“ಮೊದಲು ಅಕ್ಷರ ದೊಡ್ಡದು ಮಾಡೋ ಮಾಡ್ ಹಾಕ್ಕೊಳ್ಳಿ, ನುಂತ್ಸಿಯಣ್ಣ. ಆಮೇಲೆ ಜೇಡಗಳನ್ನ ತೆಗೆಯೋದು.”

“ಜೇಡಕ್ಕೆ ಹೆದರೋನು ನೀನು. ನನ್ನ ಮಿಷನ್ನಲ್ಲಿ ಜಾಗ ಇಲ್ಲ ಮಾರಾಯ.”

“ಹಾಗಾದ್ರೆ ಆ ಗಿರಣಿ ಮಾಡ್ ತೆಗೀರಿ. ಗಿರಣಿ ಪಕ್ಕ ಒಂದು ಮನೆ, ಅದರಲ್ಲಿ ಒಬ್ಬ ಸಿಡುಕ ಮುದುಕ. ಯಾರಿಗೆ ಬೇಕು ಅದು?”

“ಅದು ನನ್ನ ಮಗಳು ಮಾಡಿದ್ದು.”

“ಒರ್ನೆಲ್ಲಾನಾ? ನಿಮಗೂ ಅವಳಿಗೂ ಮಾತೇ ಇಲ್ವಲ್ಲ?”

“ಇದೇ ಆಟ ಆಡ್ತಾ ಕೂರ್ತಾಳೆ ಅಂತ ಬೈದಿದ್ದೆ. ಬಾಗಿಲು ಬಡಿದು ಹೊರಟುಹೋದ್ಲು.”

“ಆ ಮುದುಕ ಯಾರು ಅಂತ ಈಗ ಗೊತ್ತಾಯ್ತು.”

“ನಗಬೇಡ. ಆಟದಲ್ಲಿ ಆ ಮುದುಕನ ಮೇಜಿನ ಮೇಲೆ ಬ್ರೆಡ್ಡು ಬೋರಲಾಗಿತ್ತು. ಬ್ರೆಡ್ಡು ಬೋರಲಿಟ್ರೆ ಮನೆಗೆ ಕೇಡಲ್ವಾ? ಅವಳಿಗೂ ದಿನಾ ಹೇಳ್ತಿದ್ದೆ. ನೆಟ್ಟಗೆ ಇಡಿ ಅಂತ ಇಂಟರ್ನೆಟ್ಟಲ್ಲಿ ಆ ಮಾಡ್ ಕೆಳಗೆ ಬರೆದೆ. ಹೆಸರು ಹಾಕಲಿಲ್ಲ.”

“ಆಮೇಲೆ?”

“ಮಾಡ್ ಹೊಸದಾಗಿ ಬಂತು. ಬ್ರೆಡ್ಡು ನೆಟ್ಟಗಿದೆ. ಮೇಜಿಗೆ ಇನ್ನೊಂದು ಕುರ್ಚಿ ಹಾಕಿದ್ದಾಳೆ.”

“ಗುರುತು ಹಿಡಿದ್ಲು ಅನ್ನಿ.”

“ರಾಕ್ಷಸನ್ನ ಹೊಡಿಯೋದು ಬಿಟ್ಟು ಬ್ರೆಡ್ಡು ನೋಡ್ತಾ ಕೂರೋನು ಇನ್ಯಾರಿದ್ದಾನೆ?”

ಬಸ್ಸು ಬಂತು. ನುಂತ್ಸಿಯೊ ಎದ್ದರು.

“ಅಣ್ಣ, ಇದು ಲೆಚ್ಚೆ ಊರಿಗೆ ಹೋಗೋದು. ನಿಮ್ಮ ಮನೆ ಕಡೆದಲ್ಲ.”

“ಗೊತ್ತು. ಅವಳಿರೋದು ಅಲ್ಲೇ.”

ಕಾಗದದಲ್ಲಿ ಸುತ್ತಿದ ಬ್ರೆಡ್ಡೊಂದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡೇ ಅವರು ಮೆಟ್ಟಿಲು ಹತ್ತಿದರು.