ಎರಡನೇ ನಂಬರಿನ ಸೆಟ್ಟಿಂಗ್

ರಾತ್ರಿ ಒಂಬತ್ತೂವರೆ. ಹೆರಿಗೆ ಆಸ್ಪತ್ರೆಯ ಹಿಂದಿನ ಬಾವಿ ದಾಟಿ ಅಕ್ಕ ಮನೆಗೆ ನಡೆದು ಬರುತ್ತಿದ್ದಳು. ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ಸೋಲಾರ್ ಕೂರಿಸುವ ಕೆಲಸದವಳು, ದೆವ್ವಕ್ಕಿಂತ ಸಡಿಲವಾದ ಕರೆಂಟು ತಂತಿಗೆ ಹೆಚ್ಚು ಹೆದರುವವಳು. ಬಾವಿಯ ಹತ್ತಿರ ಬಂದಾಗ ಕೇಳಿತು...

ಟಿಕ್. ಟಿಕ್. ಟಿಕ್. ಆಮೇಲೆ ಉದ್ದಕ್ಕೆ, ಟೀ...

ಕಪ್ಪೆಯಲ್ಲ, ಹುಳವಲ್ಲ. ಸೋಲಾರ್ ಕಂಟ್ರೋಲರಿನ ಬಟನ್ ಮೂರು ಸಲ ಒತ್ತಿ, ನಾಲ್ಕನೇ ಸಲ ಒತ್ತಿ ಹಿಡಿದರೆ ಬರುವ ಸದ್ದು. ಸೆಟ್ಟಿಂಗ್ ಬದಲಾಯಿಸಿದಾಗ ಮಾತ್ರ ಬರುವಂಥದ್ದು. ಆಸ್ಪತ್ರೆಯ ಬ್ಯಾಟರಿ ರೂಮಿಗೆ ಅವಳು ಆಗತಾನೇ ಬೀಗ ಹಾಕಿ ಬಂದಿದ್ದಳು. ಬೀಗದ ಕೈ ಅವಳ ಚೀಲದಲ್ಲೇ ಇತ್ತು.

ಕಂಟ್ರೋಲರ್ ಅಂದರೆ ಗೋಡೆಯ ಮೇಲಿನ ಅಂಗೈಯಗಲದ ಡಬ್ಬಿ. ಬಿಸಿಲು ಎಷ್ಟೇ ಇರಲಿ, ಬ್ಯಾಟರಿಗೆ ಎಷ್ಟು ಉಣಿಸಬೇಕು, ಯಾವಾಗ ಸಾಕು ಅನ್ನಬೇಕು ಅಂತ ನೋಡಿಕೊಳ್ಳುವುದು ಅದು. ಬ್ಯಾಟರಿ ಯಾವ ಜಾತಿಯದು ಅಂತ ಮಾತ್ರ ನಾವೇ ಹೇಳಿಕೊಡಬೇಕು. ಒಂದು ಅಂದರೆ ಸಾಮಾನ್ಯ ಸೀಲ್ಡ್ ಬ್ಯಾಟರಿ. ಎರಡು ಅಂದರೆ ಜೆಲ್ ಬ್ಯಾಟರಿ. ಅದಕ್ಕೆ ಕಡಿಮೆ ವೋಲ್ಟೇಜಿನಲ್ಲಿ, ಮೆಲ್ಲಗೆ. ಇಲ್ಲದಿದ್ದರೆ ಉಬ್ಬುತ್ತದೆ... ಸಿಡಿಯಲೂಬಹುದು.

ಇದಕ್ಕೆ ಮೂರು ದಿನ ಮೊದಲು, ಆಸ್ಪತ್ರೆಯ ಬ್ಯಾಟರಿಗಳ ಲೇಬಲ್ ನೋಡಿ ಅಕ್ಕ ಒಂದನೇ ಸೆಟ್ಟಿಂಗ್ ಹಾಕಿದ್ದಳು. ಮರುದಿನ ಬೆಳಿಗ್ಗೆ ನರ್ಸಮ್ಮನ ಫೋನು.

"ಮೇಡಂ, ಎರಡು ತೋರಿಸ್ತಿದೆ."

ಒಂದಕ್ಕೆ ತಂದಳು. ಮರುದಿನ ಮತ್ತೆ ಎರಡು. ಮೂರನೇ ದಿನವೂ ಅದೇ. ಎರಡರಲ್ಲಿಟ್ಟರೆ ಸಾಮಾನ್ಯ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಹೆರಿಗೆ ಕೋಣೆಯ ದೀಪ ನಡುವೆ ಆರಿದರೆ ಅಕ್ಕನ ಹೆಸರಷ್ಟೇ ಹೋಗುವುದಿಲ್ಲ, ಒಂದು ಜೀವವೂ ಹೋದೀತು. ಮೂರನೇ ದಿನ ಅವಳು ಇನ್ನೊಂದನ್ನೂ ಗಮನಿಸಿದಳು. ಬಟನ್ನಿನ ಮೇಲೆ ವ್ಯಾಸಲೀನ್ ಮೆತ್ತಿತ್ತು.

ಆ ಅಭ್ಯಾಸ ಒಬ್ಬಳಿಗೇ ಇದ್ದದ್ದು. ಅಕ್ಕನ ಜೊತೆಗಾತಿ. ತುರುಬಿಗೆ ಟೆಸ್ಟರ್ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು, ಟೆಸ್ಟರ್ ಅಂತಲೇ ಅವಳ ಹೆಸರೂ ಆಯಿತು. ತುಕ್ಕು ಹಿಡಿಯದಿರಲಿ ಅಂತ ಬ್ಯಾಟರಿಯ ಟರ್ಮಿನಲ್ಲಿಗೆ ವ್ಯಾಸಲೀನ್ ಸವರುವುದು, ಅದೇ ಕೈಯಲ್ಲಿ ಬಟನ್ ಒತ್ತುವುದು, ಅಕ್ಕನಿಂದ ಬೈಸಿಕೊಳ್ಳುವುದು... ಹನ್ನೆರಡು ವರ್ಷ ಹೀಗೇ ನಡೆಯಿತು. ಹೋದ ವರ್ಷ ಒಂದು ಶಾಲೆಯಲ್ಲಿ ಬ್ಯಾಟರಿ ಉಬ್ಬಿ ಅವಳ ಮುಖಕ್ಕೇ ಸಿಡಿಯಿತು. ಮೂರನೇ ದಿನಕ್ಕೆ ತೀರಿಹೋದಳು. ವಿಚಾರಣೆಯಲ್ಲಿ ಅಕ್ಕ ಬರೆದುಕೊಟ್ಟಳು: "ಸೆಟ್ಟಿಂಗ್ ತಪ್ಪಾಗಿ ಹಾಕಿದ್ದು ಅವಳೇ." ಹಾಗೆ ಬರೆಸಿದ್ದು ಭಾವ, ಅಕ್ಕನ ಗಂಡ. ಅಕ್ಕನ ಸೋಲಾರ್ ಅಂಗಡಿಗೆ ಬ್ಯಾಟರಿ, ಸಾಮಾನು ತರುವವರು ಅವರು. ಒಂದು ಸ್ಕ್ರೂ ತಿರುಗಿಸಲು ಬಾರದು, ಮಾತಿನಲ್ಲಿ ಮಾತ್ರ ಇಡೀ ಊರಿಗೆ ಕರೆಂಟು ಕೊಡಬಲ್ಲರು. ಟೆಸ್ಟರಿನ ತಾಯಿ ಅವತ್ತಿನಿಂದ ಅಕ್ಕನ ಜೊತೆ ಮಾತು ಬಿಟ್ಟರು.

ನಾಲ್ಕನೇ ರಾತ್ರಿಯೇ ಬಾವಿಯ ಹತ್ತಿರ ಆ ಸದ್ದು ಕೇಳಿದ್ದು. ಅಕ್ಕ ತಿರುಗಿ ನಡೆದಳು. ಬ್ಯಾಟರಿ ರೂಮಿನ ಬಾಗಿಲಲ್ಲಿ ನರ್ಸಮ್ಮ ಟಾರ್ಚ್ ಹಿಡಿದು ನಿಂತಿದ್ದರು.

"ನಿಮಗೂ ಕೇಳಿಸ್ತಾ?"

"ಹೂಂ. ಬೀಗ ಹಾಕೇ ಇದೆ ಮೇಡಂ... ಒಳಗೆ ಯಾರು?"

"ನಮ್ಮವಳೇ," ಅಂದಳು ಅಕ್ಕ.

ಬೀಗ ತೆಗೆದರು. ಯಾರೂ ಇಲ್ಲ. ಪರದೆಯ ಮೇಲೆ ಹಸಿರು ಅಂಕಿ: ಎರಡು. ಅಕ್ಕನಿಗೆ ಹೆದರಿಕೆಗಿಂತ ಸಿಟ್ಟು ಬಂತು.

"ಒಂದೇ ಡಬ್ಬೀಲಿ ಊಟ ಮಾಡಿದೋರು ಕಣೇ ನಾವು," ಪಿಸುಗುಟ್ಟಿದಳು. "ನನಗೇ ಹೀಗೆ ಮಾಡ್ತೀಯಾ?"

ಕೆಳಗಿನಿಂದ ಒಂದು ಸದ್ದು. ಸರ್... ಸರ್ರ್... ಅಂಟಿದ ಕಾಗದ ಮೆಲ್ಲಗೆ ಬಿಡುವ ಸದ್ದು.

ನರ್ಸಮ್ಮ ಅತ್ತ ಟಾರ್ಚ್ ಬಿಟ್ಟರು. ಮೊದಲ ಬ್ಯಾಟರಿಯ ಲೇಬಲ್ಲಿನ ಒಂದು ಮೂಲೆ ಎದ್ದಿತ್ತು. ಅಕ್ಕ ಹಿಡಿದು ಎಳೆದಳು. ಅಡಿಯಲ್ಲಿ ಇನ್ನೊಂದು ಲೇಬಲ್. ಜೆಲ್ ಬ್ಯಾಟರಿ. ಅದರ ಮೇಲಿನ ಮುದ್ರೆ ನೋಡಿದರೆ, ಮೊಬೈಲ್ ಟವರಿನಿಂದ ಕಿತ್ತು ತಂದದ್ದು. ಒಂಬತ್ತು ವರ್ಷ ಹಳೆಯದು.

ಎರಡೇ ಸರಿಯಾದ ಸೆಟ್ಟಿಂಗ್ ಆಗಿತ್ತು.

ಮನೆಯಲ್ಲಿ ಭಾವ ಟಿವಿ ಮುಂದೆ ಕೂತಿದ್ದರು. ಅಕ್ಕ ಕಿತ್ತ ಲೇಬಲ್ಲನ್ನು ಅವರ ಮಡಿಲಿಗೆ ಹಾಕಿದಳು.

"ಎಲ್ರೂ ಮಾಡೋದೇ ಇದು," ಅಂದರು ಭಾವ. "ಆ ಟೆಸ್ಟರ್ ಹಾಗೆ ನೀನೂ ಶುರು ಮಾಡ್ಬೇಡ."

ಅಕ್ಕ ನಿಂತಲ್ಲೇ ನಿಂತಳು.

"ಅವಳು ಕೇಳಿದ್ಲಾ?"

ಭಾವ ಟಿವಿಯ ಸದ್ದು ಕಡಿಮೆ ಮಾಡಿದರು. ಹೆಚ್ಚು ಮಾಡಿದರು. ಮತ್ತೆ ಕಡಿಮೆ ಮಾಡಿದರು.

"ಯಾವಾಗ ಕೇಳಿದ್ಲು?"

"...ಶಾಲೇಲಿ ಬ್ಯಾಟರಿ ಸಿಡಿಯೋ ಹಿಂದಿನ ದಿನ. ಲೇಬಲ್ ನೋಡಿ ಸೆಟ್ ಮಾಡು, ನಿಂಗ್ಯಾಕೆ ಉಳಿದಿದ್ದು ಅಂದೆ. ನನ್ನ ಮಾತು ನಂಬಿದ್ಲು."

ನಂಬಿದ್ದು ಅವಳೊಬ್ಬಳೇ ಅಲ್ಲವಲ್ಲ. ಅಕ್ಕ ಎರಡು ಸೀರೆ, ಒಂದು ಮಲ್ಟಿಮೀಟರ್ ಚೀಲಕ್ಕೆ ತುಂಬಿಕೊಂಡು ಅದೇ ರಾತ್ರಿ ನಮ್ಮ ಮನೆಗೆ ಬಂದಳು. ಏನೂ ಕೇಳದೆ ಹಾಸಿಗೆ ಹಾಸಿದೆ. ಅವಳು ಆಗಲೇ ಮಲಗಲಿಲ್ಲ. ನಮ್ಮ ಊಟದ ಮೇಜಿನ ಮೇಲೆ ಹೊಸ ಹೇಳಿಕೆ ಬರೆದಳು: ಶಾಲೆಯ ಬ್ಯಾಟರಿಯ ಲೇಬಲ್ ಸುಳ್ಳು, ಹಾಕಿಸಿದ್ದು ನನ್ನ ಗಂಡ, ಅವಳದು ಏನೂ ತಪ್ಪಿಲ್ಲ, ಮೊದಲು ನಾನು ಬರೆದುಕೊಟ್ಟದ್ದು ತಪ್ಪು. ಸಹಿ ಹಾಕಿ, ಮೇಲೆ ಪೇಪರ್‌ವೇಟ್ ಇಟ್ಟಳು. ಆ ಊಟದ ಕೋಣೆಯ ಬಾಗಿಲಿಗೆ ನಾನೇ ಚಿಲಕ ಹಾಕಿದ್ದು. ನಾವಿಬ್ಬರೂ ಇತ್ತ ಒಂದೇ ಕೋಣೆಯಲ್ಲಿ ಮಲಗಿದೆವು.

ಬೆಳಿಗ್ಗೆ, ಹೋದ ವರ್ಷ ವಿಚಾರಣೆ ನಡೆಸಿದ ಕಚೇರಿಯ ಗುಮಾಸ್ತರು ಆ ಕಾಗದವನ್ನು ಬೆಳಕಿಗೆ ಹಿಡಿದು ಮುಖ ಕಿವುಚಿದರು. "ಏನ್ ಮೇಡಂ, ಜಿಡ್ಡು ಕೈಯಲ್ಲಿ ಬರೆದು ತಂದಿದೀರಾ?"

ನಾನು ಪಕ್ಕದಲ್ಲೇ ನಿಂತಿದ್ದೆ. ವಿಜ್ಞಾನದ ಪದವಿ ತೆಗೆದುಕೊಂಡವಳು, ಇಂಥದ್ದಕ್ಕೆಲ್ಲ ನಗುವವಳು. ನೀವೂ ನಗಬಹುದು. ಆದರೆ ಇದು ನಡೆದದ್ದು. ನಮ್ಮ ಮನೆಯಲ್ಲಿ ವ್ಯಾಸಲೀನ್ ಇಲ್ಲ, ಅವತ್ತೂ ಇರಲಿಲ್ಲ. ಆ ಕಾಗದದ ಜೆರಾಕ್ಸ್ ನನ್ನ ಬೀರುವಿನಲ್ಲಿದೆ. ಅಕ್ಕನ ಸಹಿಯ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ಅಗಲಕ್ಕೆ, ಒಂದು ಕಲೆ.