ಕೋಟಿನ ಒಳಮಗ್ಗಲು

...ಅಲ್ವೇ, ಬಂದವಳು ಹೀಗೆ ಬಾಗಿಲಲ್ಲೇ ನಿಂತ್ರೆ ನಾನು ಏನಂತ ತಿಳ್ಕೊಳ್ಲಿ? ಕೂತ್ಕೋ. ಆ ಸ್ಟೂಲ್ ಮೇಲಿರೋ ಪ್ಯಾಂಟುಗಳನ್ನ ಆಚೆ ತಳ್ಳು, ಇವತ್ತೇ ಬೇಕು ಅಂತ ಯಾರೂ ಅಳ್ತಾ ಇಲ್ಲ. ನೀರು? ಬೇಡ್ವಾ? ಹೋಗ್ಲಿ, ಇಂಟರ್‌ವ್ಯೂ ಏನಾಯ್ತು ಅದಾದ್ರೂ ಹೇಳು. ಸೀಟು ಸಿಕ್ತಾ?

ಹಾಗೆ ತಲೆ ಆಡಿಸಿದ್ರೆ ಹೌದು ಅಂತಾನೋ, ಇಲ್ಲ ಅಂತಾನೋ? ...ಓ. ಇಲ್ವಾ.

ಹೋದ್ರೆ ಹೋಯ್ತು ಬಿಡು! ಫ್ಯಾಷನ್ ಡಿಸೈನ್ ಕೋರ್ಸಂತೆ, ಮೂರು ವರ್ಷವಂತೆ, ಹಾಸ್ಟೆಲ್ಲಂತೆ! ಸ್ಕೂಲು ಮುಗಿಸಿದ ಹುಡುಗಿಗೆ ಅದೊಂದೇನಾ ದಾರಿ? ನಾನೇನು ಕೋರ್ಸ್ ಮಾಡಿದ್ನಾ? ಈ ಬೀದೀಲಿ ಎಡಚಿ ಟೈಲರ್ ಮನೆ ಎಲ್ಲಿ ಅಂದ್ರೆ ನಾಯೀನೂ ದಾರಿ ತೋರಿಸುತ್ತೆ. ಯಾಕೆ ನಗ್ತೀಯ? ...ನಗ್ಲಿಲ್ವಾ? ನಕ್ಕೆ ಅನ್ಕೊಂಡೆ.

ಕೋಟು ನೋಡಿ ಏನಂದ್ರು? ಸ್ವಂತ ಕೈಯಲ್ಲಿ ಹೊಲಿದ ಒಂದು ಬಟ್ಟೆ ತನ್ನಿ ಅಂದಿದ್ರಲ್ಲ, ಆ ಕೋಟು ನೋಡೀನೂ ಮೆಚ್ಚಲಿಲ್ಲ ಅಂದ್ರೆ ಅವರಿಗೆ ಕಣ್ಣಿಲ್ಲ! ಎರಡು ತಿಂಗಳು ತಲೆ ಎತ್ತದೆ ಹೊಲಿದಿದ್ದೀಯ. ಆ ಕಾಲರ್ ಎಷ್ಟು ಚೆನ್ನಾಗಿ ಕೂತಿತ್ತು! ನನಗೇ ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ ಹೇಳ್ಲಿ.

ಬ್ಯಾಗಿಂದ ಏನು ತೆಗೀತಿದ್ದೀಯ? ಕೋಟಾ... ಆ ಬಿಳಿ ತುಂಡೇನು? ಓ, ಅಲ್ಲೇ ಕೂರಿಸಿ ಅಂಚು ಮಡಚಿ ಹೆಮ್ಮಿಂಗ್ ಹಾಕಿ ತೋರ್ಸು ಅಂದ್ರಾ? ಅಷ್ಟು ಜನರ ಮುಂದೆ? ಅದನ್ನ ಮೇಜಿನ ಮೇಲೆ ಯಾಕೆ ಹಾಸ್ತೀಯ? ನಾನು ನೋಡಿದ್ದೀನಲ್ಲ ಆ ಕೋಟನ್ನ. ತಿರುಗಿಸ್ಬೇಡ. ತಿರುಗಿಸ್ಬೇಡ ಅಂದೆ!

ಹೂಂ. ಕಾಣಿಸ್ತು. ತುಂಡಿನ ಹೊಲಿಗೆ ಈ ಕಡೆ ವಾಲಿದೆ, ಕೋಟಿನ ಕೆಳಗಂಚಿನ ಹೊಲಿಗೆ ಆ ಕಡೆ. ಬಲಗೈದು ಬೇರೆ, ಎಡಗೈದು ಬೇರೆ. ಅದಕ್ಕೇ ಅವರು, ಇದು ನಿನ್ನ ಕೆಲಸ ಅಲ್ಲ ಅಂದ್ರಾ?

ಸರಿ, ನಾನೇ! ನಾನೇ ಹೊಲಿದೆ! ಮೊನ್ನೆ ನೀನು ಫೋಟೋ ತೆಗೆಸೋಕೆ ಹೋಗಿದ್ಯಲ್ಲ, ಆಗ. ಅಂಚು ಅಲ್ಲಲ್ಲಿ ಸುಕ್ಕಾಗಿತ್ತು, ಬಿಚ್ಚಿ ಮತ್ತೆ ಹಾಕ್ದೆ. ಒಳ್ಳೇದಕ್ಕೇ ಮಾಡ್ದೆ ಕಣೇ! ನಿಂಗೆ ಸೀಟು ಸಿಗ್ಲಿ ಅಂತ! ನನ್ನ ಕಣ್ಣಾಣೆಗೂ! ಅವರು ಒಳಗೆಲ್ಲ ತಿರುಗಿಸಿ ನೋಡ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ? ಹೊರಗಡೆ ನೋಡಿ, ಚೆನ್ನಾಗಿದೆ ಅಂತಾರೆ ಅನ್ಕೊಂಡೆ...

ಯಾಕೆ ಹಾಗೆ ನೋಡ್ತೀಯ?

ಹೌದು... ಹೇಳಿಕೊಟ್ಟವಳು ನಾನೇ. ಯಾರ ಬಟ್ಟೆ ಕೈಗೆ ಬಂದ್ರೂ ಮೊದ್ಲು ತಿರುಗಿಸಿ ಒಳಮಗ್ಗಲು ನೋಡು, ಹೊಲಿಯೋರೆಲ್ಲ ಹಾಗೇ ನೋಡೋದು ಅಂತ. ಆಗ ನಿಂಗೆ ಏಳು ವರ್ಷ. ನನ್ನ ತಂಗಿ ನಿನ್ನ ಇಲ್ಲಿ ಬಿಟ್ಟು ಹೋದ ವಾರ. ಈ ಮೇಜು ನಿಂಗೆ ಎಟುಕ್ತಿರ್ಲಿಲ್ಲ, ಡಬ್ಬದ ಮೇಲೆ ಹತ್ತಿ ನಿಂತು "ಒಳಗಡೆ ಯಾಕೆ ನೋಡ್ಬೇಕು ದೊಡ್ಡಮ್ಮಾ?" ಅಂತ ಕೇಳಿದ್ದೆ. "ಹೊರಗಿನ ತಪ್ಪನ್ನ ಇಸ್ತ್ರಿ ಮುಚ್ಚಿಬಿಡುತ್ತೆ" ಅಂದಿದ್ದೆ ನಾನು.

ಮಾತಾಡೇ. ಬೈಯೋದಾದ್ರೂ ಬೈ...

...ಗೊತ್ತಿತ್ತು.

ತಿರುಗಿಸ್ತಾರೆ ಅಂತ ಗೊತ್ತಿತ್ತು. ಹಾಸ್ಟೆಲ್ಲಿಗೆ ಅಂತ ನೀನು ಹೊಸ ಬಕೆಟ್ಟು, ಬೀಗ ತಂದು ಮಂಚದ ಕೆಳಗೆ ಇಟ್ಟಿದ್ಯಲ್ಲ, ನೀನು ಫೋಟೋಗೆ ಹೋದಾಗ ಕಸ ಗುಡಿಸ್ತಾ ಅದನ್ನ ನೋಡ್ದೆ. ಪೊರಕೆ ಅಲ್ಲೇ ಬಿಟ್ಟು ಬಂದು ಕೋಟು ತಗೊಂಡೆ. ಸುಕ್ಕೂ ಇರ್ಲಿಲ್ಲ, ಏನೂ ಇರ್ಲಿಲ್ಲ. ನಿನ್ನ ಹೆಮ್ಮಿಂಗ್ ನನ್ನದಕ್ಕಿಂತ ಚೆನ್ನಾಗಿತ್ತು.

ನಾನು ಮಿಷನ್ ನಿಲ್ಲಿಸಿದಾಗ ಆ ಮೂಲೇಲಿ ನಿನ್ನ ಮಿಷನ್ ಓಡ್ತಿರುತ್ತಲ್ಲ, ಆ ಸದ್ದು... ಸ್ಕೂಲಿನವರ ಜೊತೆ ನೀನು ನಾಲ್ಕು ದಿನ ಟೂರ್ ಹೋಗಿದ್ದೆ ನೋಡು. ಆ ನಾಲ್ಕು ದಿನ ನಿನ್ನ ಮಿಷನ್ ಮುಂದೆ ಕೂತು, ಬಟ್ಟೆ ಇಲ್ದೆ, ದಾರ ಇಲ್ದೆ, ಬರೀ ಪೆಡಲ್ ತುಳೀತಾ ಇದ್ದೆ. ಪಕ್ಕದ ಮನೆಯವಳು ಬಂದು, "ಭಾರಿ ಕೆಲಸ ಬಂದಿರೋ ಹಾಗಿದೆ!" ಅಂದ್ಲು. ಹೌದು ಅಂದೆ.

ಬ್ಲೇಡ್ ಯಾಕೆ ತಗೊಂಡೆ? ಬೇಡ... ಓ, ಅಂಚು ಬಿಚ್ತೀಯಾ? ಆ ಚೀಟಿ ಏನು, ಕಾಲೇಜಿನವರು ಕೊಟ್ಟಿದ್ದಾ? ತೋರ್ಸು. ಸೋಮವಾರ... ನಿನ್ನ ಕೈಯಲ್ಲೇ ಹೊಲಿದು ಇನ್ನೊಂದ್ಸಲ ತಗೊಂಡು ಬಾ ಅಂತಾನಾ?

ಬಿಚ್ಚು. ಒಂದು ಹೊಲಿಗೇನೂ ಉಳಿಸ್ಬೇಡ. ಮೂಲೇಲಿ ಎರಡೆರಡು ಗಂಟು ಹಾಕಿದ್ದೀನಿ, ಬಟ್ಟೆ ಹರಿದೀತು, ನೋಡ್ಕೊಂಡು ಬಿಚ್ಚು. ನಾನು ಮುಟ್ಟಲ್ಲ. ಇಗೋ, ಕೈ ಕಟ್ಕೊಂಡು ಕೂತೆ.

ದೊಡ್ಡಮ್ಮಾ ಅಂತ ಒಂದ್ಸಲ ಅಂದುಬಿಡೇ... ಅನ್ನಲ್ವಾ?