ಹುಳದ ಮನೆ ಬಾಗಿಲಲ್ಲಿ ಬರ್ಗರಿನ ಮಾತು

…ಅಲ್ಲ ಕಣಮ್ಮ, ಈ ಸಾದಲಿ ಹೋಬಳೀಗೇ ಮೊದಲು ಬರ್ಗರ್ ತಿಂದೋನು ಈ ವೆಂಕಟರವಣಪ್ಪ. ಯಾರನ್ನ ಬೇಕಾದ್ರೂ ಕೇಳು. ಕೇಳೋಣ ಅಂದ್ರೆ ಯಾರೂ ಉಳಿದಿಲ್ಲ, ಅದು ಬೇರೆ ಮಾತು. ಡ್ರೈವರ್ ರಾಮಾಂಜಿನಪ್ಪ ಹೋದ, ಲಾರಿ ಓನರ್ ಹೋದ, ಲಾರೀನೂ ಗುಜರಿಗೆ ಹೋಯ್ತು. ಟೊಮೊಟೊ ಲೋಡು ಹಾಕ್ಕೊಂಡು ದಿಲ್ಲಿಗೆ ಹೋಗಿದ್ವಿ. ಬರ್ಗರ್ ಅನ್ನೋ ಹೆಸರೇ ಆಗ ಬೆಂಗಳೂರಿನೋರಿಗೂ ಗೊತ್ತಿರಲಿಲ್ಲ. ಬನ್ನು ಎಷ್ಟೆತ್ತರ ಅಂತೀಯ… ನಾನೂ ರಾಮಾಂಜಿನಪ್ಪನೂ ಎದುರುಬದುರು ಕೂತು ಮಧ್ಯೆ ಇಟ್ಕೊಂಡ್ರೆ ಅವನ ಮುಖ ನಂಗೆ ಕಾಣ್ತಿರಲಿಲ್ಲ. ಮೀಸೆ ಮಾತ್ರ ಆ ಕಡೆ ಈ ಕಡೆ ಒಂದೊಂದು ತುದಿ ಕಾಣೋದು.

ನಗಲ್ವಾ? ಈ ಮಾತಿಗೆ ಯಾವಾಗಲೂ ನಗ್ತಿದ್ದೆ ನೀನು.

ಆಯ್ತು ಕವಿತಮ್ಮ, ಗೊತ್ತು. ನೀನು ಕೇಳಿದ್ದು ದಿಲ್ಲಿ ವಿಷಯ ಅಲ್ಲ. ರೇಷ್ಮೆ ಹುಳದ ಮನೆಗೆ ಇರುವೆ ಹೆಂಗೆ ಬಂತು ಮಾವ, ಅಂತ ಕೇಳಿದೆ. ನಿಮ್ಮ ಹತ್ರ ಏನೋ ಈರುಳ್ಳಿ ವಾಸನೆ ಬರ್ತಾ ಇದೆ, ಅಂತಲೂ ಕೇಳಿದೆ. ಅದಕ್ಕೇ ಬರ್ಗರ್ ಮಾತು ಬಂತು. ಬಿಪಿ ಮಾತ್ರೆಗೆ ಅಂತ ಬೆಳಿಗ್ಗೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ನಲ್ಲ, ಅಲ್ಲಿ ಹೈವೇ ಪಕ್ಕ ಒಂದು ಕೋಳಿ ಬರ್ಗರ್ ತಿಂದೆ. ಅಲ್ಲೇ ತಿಂದೆ, ನಿಂತ್ಕೊಂಡೇ. ಕೈ ಒರೆಸ್ಕೊಂಡೆ, ಬಸ್ ಹತ್ತಿದೆ, ಬಂದೆ. ಮುರಳಿಮೋಹನ್ ಬಂದ್ರೆ ಹೇಳಬೇಡ. ಸಕ್ಕರೆ ಕಾಯಿಲೆ ಅಂತ ಶುರು ಹಚ್ಕೊಂಡುಬಿಡ್ತಾನೆ. ಮಗ ಅನ್ನೋದೇ ಮರೆತು ಡಾಕ್ಟ್ರಾಗಿಬಿಡ್ತಾನೆ.

ಎಷ್ಟು ಹುಳ ಹೋದ್ವು? ಸ್ಟ್ಯಾಂಡಿನ ಒಂದು ಅಂತಸ್ತು ಪೂರ್ತಿನಾ?

…ಹೂಂ. ಮಿಕ್ಕಿದ್ದು ಚೆನ್ನಾಗಿದೆಯಲ್ಲ. ಇನ್ನೂ ಹತ್ತುತ್ತಾ ಇದಾವಾ? ಇರು, ಅಳಬೇಡ. ಅಳ್ತಾ ಇಲ್ವಾ? ಸರಿ. ಕತ್ತಲಲ್ಲಿ ನಂಗೆ ಕಾಣಲ್ಲ.

ನಾಲ್ಕನೇ ಜ್ವರ ಎದ್ದು, ಕೊನೇ ಪೊರೆ ಬಿಟ್ಟು, ಹೆಂಗೆ ಸೊಪ್ಪು ತಿಂತಿದ್ವು. ನಾಳೆ ಹಣ್ಣಾಗಿ ಗೂಡು ಕಟ್ಟೋ ಹುಳ. ನನಗೂ ಹೊಟ್ಟೆ ಉರಿಯುತ್ತಮ್ಮ. ಹೋದ ಬೆಳೆ ಕೈ ಕೊಟ್ಟಾಗ ನಿನ್ನ ಗಂಡ ಏನಂದ ಅಂತ ನಾನೂ ಇದೇ ಜಗಲಿ ಮೇಲೆ ಕೂತು ಕೇಳಿದೀನಿ. ಇದೂ ಹೋದ್ರೆ ಸೊಪ್ಪಿನ ತೋಟ ಕೀಳ್ಸಿ ಸೇವಂತಿಗೆ ಹಾಕ್ತೀನಿ, ಹುಳದ ಮನೆಗೆ ಬೀಗ ಅಂದ. ನೀನು ಒಂದೇ ಒಂದು ಬೆಳೆ ನೋಡ್ರಿ ಅಂದೆ. ನಿನ್ನ ಅತ್ತೆ ಅಮ್ಮಾಜಮ್ಮ ಇದ್ದಿದ್ರೆ ನಿನ್ನ ಕಡೆ ಮಾತಾಡೋಳು. ನಾನು… ನಾನು ಆಗ ಕೆಮ್ಮಿದೆ. ಕೆಮ್ಮಿದ್ದೂ ನಿನ್ನ ಕಡೇನೇ.

ನೀರಾ? ಬಟ್ಟಲಲ್ಲಿ ನೀರಿದೆ ಅಂತೀಯ. ಸ್ಟ್ಯಾಂಡಿನ ಕಾಲುಗಳೆಲ್ಲ ನೀರಲ್ಲೇ ನಿಂತಿದಾವೆ, ಇರುವೆ ಈಜ್ಕೊಂಡು ಬಂತಾ ಅಂತೀಯ. ಈಜುತ್ತೆ ಕಣಮ್ಮ. ನಾಗಪುರದ ಹತ್ರ ನದಿ ಈಜೋ ಇರುವೆ ನೋಡಿದೀನಿ ನಾನು. ಒಂದರ ಬಾಲ ಇನ್ನೊಂದು ಕಚ್ಚಿಕೊಂಡು…

ಬೇಡ ಅಂದ್ರೆ ಬೇಡ ಬಿಡು.

ನಾನು ಒಳಗೆ ಹೋಗಿಲ್ಲ. ಮಧ್ಯಾಹ್ನ ನೀನೂ ಕೂಲಿಗೆ ಬರೋ ಚಿಕ್ಕವೆಂಕಟಮ್ಮನೂ ಸೊಪ್ಪು ಕುಯ್ಯೋಕೆ ಹೋದಾಗ ಬಾಗಿಲು ಕಾಯಿ ಅಂದೆ, ಕಾದೆ. ಹೊರಗೆ. ಮಂಚದ ಮೇಲೆ. ಒಂದು ಹಲ್ಲೀನೂ ಬಿಟ್ಟಿಲ್ಲ ಒಳಗೆ. ಸಿಹಿ ಪದಾರ್ಥ ಆ ಹೊಸ್ತಿಲು ದಾಟಬಾರದು ಅಂತ ನಂಗೆ ನೀನು ಹೇಳಿಕೊಡಬೇಕಾ? ಮಗು ಬಾಯಲ್ಲಿ ಪೆಪ್ಪರ್‌ಮೆಂಟ್ ಇದ್ರೂ ಒಳಗೆ ಬಿಡ್ತಿರಲಿಲ್ಲ ಅಮ್ಮಾಜಮ್ಮ.

ನಾನು ಹೇಳಿದ್ದು ಅಷ್ಟೇ, ಚಿಕ್ಕವೆಂಕಟಮ್ಮ ಯಾವಾಗಲೂ ಮಡಿಲಲ್ಲಿ ಕಡಲೆಬೀಜ, ಬೆಲ್ಲ ಇಟ್ಕೊಂಡಿರ್ತಾಳೆ ಅಂತ. ಅವಳೇ ಅಂತ ನಾನು ಹೇಳಿಲ್ಲ. ನೀನೇ ಕೇಳ್ದೆ, ನೀನೇ ನಾಳೆಯಿಂದ ಬರಬೇಡ ಅಂದೆ. ಅವಳು ಸೆರಗು ಬಾಯಿಗಿಟ್ಕೊಂಡು ಹೋದ್ಲು. ಆಣೆ ಇಟ್ಲಾ? ಆಣೆ ಯಾರು ಬೇಕಾದ್ರೂ ಇಡ್ತಾರೆ. ನಾನೇ ಎಷ್ಟಿಟ್ಟಿದೀನಿ.

ನಾಳೆ ಹಣ್ಣು ಹುಳ ಯಾರು ಆರಿಸ್ತಾರೆ ಅಂತ ತಾನೇ ಯೋಚನೆ? ನಾನಿಲ್ವಾ. ಒಂದು ಸಲ ಕೆಂಚಾರ್ಲಹಳ್ಳೀಲಿ ಊರೋರೆಲ್ಲ ಮದುವೆಗೆ ಹೋಗಿದ್ರು, ಹಣ್ಣು ಹುಳ ಅಷ್ಟನ್ನೂ ನಾನೊಬ್ಬನೇ ಆರಿಸಿ ಗೂಡು ಕಟ್ಟಲಿ ಅಂತ ಚಂದ್ರಿಕೆಗೆ ಬಿಟ್ಟೆ. ಎರಡು ಕೈಲೂ. ಕಣ್ಣು ಮುಚ್ಕೊಂಡು… ಹಂಗೆ ನೋಡಬೇಡ. ಈಗ ಕೈ ನಡುಗುತ್ತೆ, ಒಪ್ಪಿದೆ.

ನನ್ನ ಊರುಗೋಲಾ?

ಅದ್ಯಾಕೆ ಈಗ… ಗೋಡೆ ಹಿಡ್ಕೊಂಡು ಬಂದೆ, ಹೌದು. ಮನೆ ಗೋಡೆ ತಾನೇ, ಹಿಡ್ಕೊಂಡೆ. ಕೋಲು ಬಸ್ಸಲ್ಲಿ ಬಿಟ್ಟೆ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿದ್ನಲ್ಲ, ಅಲ್ಲಿ. ಎಂಥಾ ಕೋಲು! ದಿಲ್ಲೀಲಿ ತಗೊಂಡಿದ್ದು, ಹಿಡಿಗೆ ಹಿತ್ತಾಳೆ ಕಟ್ಟು, ಅದರ ಮೇಲೆ ನವಿಲು. ಅಂಥದ್ದು ಇನ್ನೊಂದು ಈ ನಾಲ್ಕು ತಾಲ್ಲೂಕಲ್ಲೇ ಇಲ್ಲ. ಯಾರು ತಗೊಂಡ್ರೂ ವೆಂಕಟರವಣಪ್ಪಂದು ಅಂತ ಗೊತ್ತಾಗಿಬಿಡುತ್ತೆ, ತಂದುಕೊಡ್ತಾರೆ. ನೀನು ಅದರ ಚಿಂತೆ ಬಿಡು.

ಕೂತ್ಕೋ ಸ್ವಲ್ಪ. ಎಷ್ಟೊತ್ತು ಆ ಚೊಂಬು ಹಿಡ್ಕೊಂಡೇ ನಿಂತಿರ್ತೀಯ.

ನೋಡು, ಬರ್ಗರಲ್ಲೂ ಥರಾವರಿ ಇದೆ. ಗೌರಿಬಿದನೂರಲ್ಲಿ ಕೆಂಪರಾಜು ಮಗಳ ಮದುವೇಲಿ ಇಟ್ಟಿದ್ರು ನೋಡು, ಬರೀ ಎಲೆಕೋಸು. ಮೇಲೆ ಒಂದು ಹಸಿರೆಲೆ. ಆ ಎಲೆ ನಮ್ಮ ಹುಳಕ್ಕೆ ಹಾಕಿದ್ರೆ ಮೂಸೂ ನೋಡಲ್ಲ, ಅದನ್ನ ಸೂಟು ಹಾಕ್ಕೊಂಡಿರೋರೆಲ್ಲ ತಿಂದ್ರು. ಚಿಂತಾಮಣಿ ಬಸ್ ಸ್ಟ್ಯಾಂಡಿನ ಎದುರು ಒಬ್ಬ ಕೊಡ್ತಾನೆ, ಬೆಳಿಗ್ಗೆ ದೋಸೆಗೆ ಮಾಡಿದ ಆಲೂಗಡ್ಡೆ ಪಲ್ಯ ಸಂಜೆ ಬನ್ನೊಳಗೆ ಹೋಗಿ ಬರ್ಗರ್ ಆಗುತ್ತೆ. ಹೋದ ವರ್ಷ ನೀನು ಮನೇಲಿ ಮಾಡಿದ್ದೆ, ಅವರೆಕಾಳಿನ ವಡೆ ತಟ್ಟಿ, ಬನ್ನು ಸುಟ್ಟು, ಮಧ್ಯೆ ಇಟ್ಟು. ಅದು ರುಚಿ. ಸುಳ್ಳಲ್ಲ. ಆದ್ರೆ ಮನೆ ಬರ್ಗರಲ್ಲಿ ಒಂದು ಕಷ್ಟ ಇದೆ ಕಣಮ್ಮ. ಅರ್ಧ ತಿನ್ನೋಷ್ಟರಲ್ಲಿ ಮಗ ತಟ್ಟೆ ಕಡೆ ನೋಡ್ತಾನೆ. ಸಾಕು ಬಿಡಪ್ಪ ಅಂತಾನೆ. ಹಂಗಂದ ಮೇಲೆ ಗಂಟಲಲ್ಲಿ ಇಳಿಯಲ್ಲ. ದಾರೀಲಿ ತಿನ್ನೋದಾದ್ರೆ ಯಾರೂ ಕೇಳೋರಿಲ್ಲ. ಆದ್ರೆ ಅಲ್ಲಿ ಧೂಳು, ಹಾರನ್ನು, ಹಿಂದೆ ನಿಂತೋನು ಬೇಗ ಏಳು ತಾತ ಅಂತಾನೆ.

ಇವತ್ತಿಂದು ಮಾತ್ರ… ಇವತ್ತಿಂದು ಎಲ್ಲಕ್ಕಿಂತ ಮೇಲು. ದಿಲ್ಲೀದನ್ನೂ ಮೀರಿಸ್ತು. ತಂಪಾದ ಜಾಗ, ಅರೆಗತ್ತಲು. ನಿಧಾನಕ್ಕೆ ಕೂತು ಕಾಗದ ಬಿಚ್ಚಿದೆ. ಆ ಕೆಂಪು ಸಾಸು ಬನ್ನಿಗೆ ಇಳಿದು ಇಳಿದು ಮೆತ್ತಗಾಗಿಬಿಟ್ಟಿತ್ತು, ಹಲ್ಲಿಲ್ಲದೋನಿಗೆ ಹೇಳಿ ಮಾಡಿಸಿದಂಗೆ. ಒಬ್ಬನೇ ಕೂತು ತಿಂದೆ ಅಂತಲೇ ಅನಿಸಲಿಲ್ಲ ಕಣಮ್ಮ. ಸುತ್ತ ಸಾವಿರಾರು ಬಾಯಿ. ಒಬ್ಬರು ನನ್ನ ಕಡೆ ನೋಡಲ್ಲ, ಒಬ್ಬರು ಸಾಕು ಅನ್ನಲ್ಲ, ತಲೆ ತಗ್ಗಿಸಿ ತಮ್ಮ ಪಾಡಿಗೆ ತಾವು ತಿನ್ನೋದೇ ತಿನ್ನೋದು. ಆ ಸದ್ದು… ಹಂಚಿನ ಮೇಲೆ ಸಣ್ಣ ಮಳೆ ಬೀಳ್ತಾ ಇದ್ದಂಗೆ, ಚರಚರ ಚರಚರ… ಅಮ್ಮಾಜಮ್ಮ ಹೋದ ಮೇಲೆ ಅಷ್ಟು ಜನರ ಜೊತೆ ಕೂತು ನಾನು ಉಂಡೇ ಇರಲಿಲ್ಲ.

ಯಾಕೆ ಚೊಂಬು ಕೆಳಗಿಟ್ಟೆ?

ಹೋಟ್ಲು ಕಣಮ್ಮ. ಹೈವೇ ಹೋಟ್ಲಲ್ಲಿ ಜನ ಇರಲ್ವಾ? ಭಾನುವಾರ ಬೇರೆ… ಇವತ್ತು ಭಾನುವಾರ ಅಲ್ವಾ? ಇಲ್ಲ ಅಂದ್ರೂ ಜನ ಬರ್ತಾರೆ. ಕೂತು ತಿಂದೆ ಅಂದ್ನಾ? ನಿಂತೆ, ಕಾಲು ನೋವು ಬಂತು, ಕೂತೆ. ಮಳೇನೂ ಬಂತು ಅಲ್ಲಿ. ಸಣ್ಣದಾಗಿ. ಇಲ್ಲಿ ಬರಲಿಲ್ಲ ಅಷ್ಟೇ.

ಬೈದುಬಿಡು ಬೇಕಾದ್ರೆ.

ಎಲ್ಲಿಗೆ? ಕವಿತಮ್ಮ… ಮತ್ತೆ ಒಳಗೆ ಯಾಕೆ? ಈಗ ತಾನೇ ನೋಡಿ ಬಂದ್ಯಲ್ಲ. ಹುಳದ ಮುಖಕ್ಕೆ ಮೊಬೈಲ್ ಬೆಳಕು ಬಿಡಬೇಡ, ಬೆದರ್ತಾವೆ. ಆ ಕಿಟಕಿ ಮೂಲೇಲಿ ಏನೂ ಇಲ್ಲ. ನಾನು ಹೇಳ್ತೀನಿ ಕೇಳು… ಏನೂ ಇಲ್ಲ ಅಲ್ಲಿ.

ಕವಿತಮ್ಮ?

…

ಓ.

ಸಿಕ್ತಾ. ನೋಡಿದ್ಯಾ, ಯಾರೋ ಪುಣ್ಯಾತ್ಮರು ಬಸ್ಸಿಂದ ತಂದು ಇಟ್ಟು ಹೋಗಿದಾರೆ. ನಾನು ಹೇಳಲಿಲ್ವಾ, ನವಿಲು ನೋಡಿದ್ರೆ ಸಾಕು ಗೊತ್ತಾಗುತ್ತೆ ಅಂತ… ಪಾಪ, ಸ್ಟ್ಯಾಂಡಿಗೂ ಗೋಡೆಗೂ ನಡುವೆ ಒರಗಿಸಿ ಹೋಗಿದಾರೆ, ತುದಿ ನೆಲದಲ್ಲಿ, ಹಿಡಿ ಸರಿಯಾಗಿ ಎರಡನೇ ಅಂತಸ್ತಿಗೆ ತಾಕೋ ಹಂಗೆ. ನೀರಿನ ಬಟ್ಟಲು ಅದರ ಪಾಡಿಗೆ ಅದು ಇದ್ದರೆ ಏನು ಬಂತು, ಕೋಲಿನ ಮೇಲೆ ಸೇತುವೆ ಹಾಕಿಕೊಟ್ಟಂಗಾಯ್ತಲ್ಲ ಇರುವೆಗೆ…

ಎಲ್ಲಿ ಒರಗಿಸಿತ್ತು ಅಂತ ನೀನು ಹೇಳಲೇ ಇಲ್ಲ. ಅಲ್ವಾ.

ನಿನ್ನ ಧ್ವನಿ ತೋಟದ ಕಡೆಯಿಂದ ಕೇಳಿಸ್ತು. ಕೊನೇ ತುತ್ತು ಬಾಯಲ್ಲೇ ಇತ್ತು. ಗಡಿಬಿಡೀಲಿ ಕೋಲು ಅಲ್ಲೇ ಬಿಟ್ಟು ಎದ್ದು ಬಂದೆ.

ಮೆಲ್ಲಗೆ ಹಿಡ್ಕೋ, ಹಿಡೀಲಿ ಇನ್ನೂ ಓಡಾಡ್ತಾ ಇದಾವೆ, ನಿನ್ನ ಕೈಗೆ ಹತ್ತುತ್ತಾವೆ. ಸಾಸು ಮೆತ್ತಿಕೊಂಡಿದೆ ನೋಡು, ನವಿಲಿನ ಕೊರಳಿಗೆ.

ಇಲ್ಲಿ ಕೊಡಮ್ಮ, ನಾನೇ ಒರೆಸ್ತೀನಿ.

ಪೋನೀಲೇ. ಹೋಗ್ಲಿ ಬಿಡು. ಆಗಿದ್ದು ಆಗಿಹೋಯ್ತು, ಏನ್ ಮಾಡೋದೀಗ. ಸೇತುವೆ ತೆಗೆದೆಯಲ್ಲ, ಇನ್ನು ಹತ್ತಲ್ಲ, ಮಿಕ್ಕ ಹುಳ ಉಳೀತು. ಚಿಕ್ಕವೆಂಕಟಮ್ಮಂಗೆ ಫೋನ್ ಹಾಕು, ಬೆಳಿಗ್ಗೆ ಬರ್ಲಿ. ಹಣ್ಣು ಹುಳ ಆರಿಸೋಕೆ ಅವಳಂಥ ಕೈ ಇನ್ನೊಂದಿಲ್ಲ, ನನ್ನದು ಬಿಟ್ರೆ. ಬೆಲ್ಲದ ಮಾತು ಮುದುಕನ ಬಾಯಿ ಚಪಲ ಅಂತ ಹೇಳು. ನೀನೇ ಹೇಳು, ನಾನು ಹೇಳಿದ್ರೆ ನಂಬಲ್ಲ ಅವಳು.

ಮತ್ತೆ… ನಾನು ಬರ್ಗರ್ ವಿಷಯದಲ್ಲಿ ಸುಳ್ಳು ಹೇಳ್ತೀನಿ ಅಂತ ತಾನೇ ನೀವೆಲ್ಲ ಅನ್ನೋದು? ಅಂಗಳ ದಾಟಿ, ಹೊಸ್ತಿಲು ದಾಟಿ, ಕೋಲು ಹತ್ತಿ ಬಂದಿದಾವೆ. ಚೆನ್ನಾಗಿರಲಿಲ್ಲ ಅಂದಿದ್ರೆ ಅಷ್ಟು ದೂರ ಬರ್ತಿದ್ವಾ? ಅದೊಂದಾದ್ರೂ ಒಪ್ಕೋ.